ಜಯಪ್ಪನ ಹೋಟೆಲಿನಲ್ಲಿಟ್ಟ ಪ್ರಸ್ಥಾನ

ಸೊರಬದ ಪೇಟೆಬೀದಿಯ ಭತ್ತದ ಗೋದಾಮು ಕಾಯುತ್ತಿದ್ದ ಧರ್ಮಪ್ಪ ಊರು ಬಿಡುತ್ತಾನೆ ಎಂಬುದು ಯಾರಿಗೂ ದೊಡ್ಡ ಸುದ್ದಿಯಾಗಿ ಕಾಣಲಿಲ್ಲ. ಬೆಕ್ಕುಗಳನ್ನೂ ಜೊತೆಗೆ ಒಯ್ಯುತ್ತಾನಂತೆ ಎಂದು ಗೊತ್ತಾದ ಮೇಲೆಯೇ ಜನ ಅವನನ್ನು ನಿಲ್ಲಿಸಿ ಮಾತಾಡಿಸತೊಡಗಿದರು.

ಅದು ೧೯೫೮ರ ಕಾರ್ತೀಕ. ಧರ್ಮಪ್ಪನಿಗೆ ಐವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದರೆ 'ಯಾರೂ ಮಾಡಲಿಲ್ಲ' ಎನ್ನುತ್ತಿದ್ದ. ಅದು ನಿಜವೂ ಆಗಿತ್ತು. ಮೀಸೆ ಚಿಗುರುವ ಹೊತ್ತಿಗೆ ವೀರಬಸಪ್ಪ ಸಾಹುಕಾರರ ಗೋದಾಮಿಗೆ ಚೀಲ ಹೊಲಿಯಲು ಬಂದವನು ಅಲ್ಲಿಯೇ ಉಳಿದುಬಿಟ್ಟಿದ್ದ. ದಬ್ಬಣ, ಸುತಲಿ, ಆಳೆತ್ತರದ ತಕ್ಕಡಿ, ಮೂಲೆಯಲ್ಲೊಂದು ಒಲೆ. ಮಲಗುವುದು ಚೀಲಗಳ ಮೇಲೆ. ಯಾವ ಗಾಡಿ ಮೊದಲು ಇಳಿಸಬೇಕು, ಯಾವ ಬಾಗಿಲು ತೆಗೆಯಬೇಕು, ಹಬ್ಬಕ್ಕೆ ಯಾವ ಬಣ್ಣದ ಅಂಗಿ ಎಂಬುದನ್ನೆಲ್ಲ ಸಾಹುಕಾರರು ಹೇಳುತ್ತಿದ್ದರು, ಅವನು ಮಾಡುತ್ತಿದ್ದ. ಹೀಗಾಗಿ ತಾನೇ ಒಂದು ತೀರ್ಮಾನ ಮಾಡುವ ಪ್ರಸಂಗ ಅವನಿಗೆ ಬಂದಿರಲೇ ಇಲ್ಲ.

ಬೆಕ್ಕು ಎರಡಿದ್ದವು. ಕೆಂಚ ಎಂಬ ಗಂಡು; ಹೆಸರಿಗೆ ತಕ್ಕ ಕೆಂಬಣ್ಣ, ದೊಡ್ಡ ತಲೆ, ಯಾವುದಕ್ಕೂ ಅವಸರವಿಲ್ಲದ ಸ್ವಭಾವ. ಬೂದಿ ಎಂಬ ಹೆಣ್ಣು. ಬೂದುಬಣ್ಣ, ಚುರುಕು, ಉಗುರು ಮುಂದು. ಇವೆರಡರ ದೆಸೆಯಿಂದ ಆ ಗೋದಾಮಿನಲ್ಲಿ ಇಲಿ ಕಡಿದ ಚೀಲವನ್ನು ಯಾರೂ ನೋಡಿರಲಿಲ್ಲ.

ಆಷಾಢದಲ್ಲಿ ಸಾಹುಕಾರರು ತೀರಿಕೊಂಡರು. ಮಕ್ಕಳು ಗೋದಾಮನ್ನು ಮಾರಿದರು. ಕೊಂಡವರು ಅದನ್ನು ಕೆಡವಿ ಅಂಗಡಿ ಸಾಲು ಕಟ್ಟುವವರು. ಅಮಾವಾಸ್ಯೆಯೊಳಗೆ ಖಾಲಿ ಮಾಡು ಎಂದರು. ಹಳೆಯ ತಕ್ಕಡಿಯನ್ನು ಕೊಳ್ಳಲು ಶಿಕಾರಿಪುರದಿಂದ ಸದಾಶಿವಪ್ಪ ಎಂಬ ವರ್ತಕರು ಬಂದವರು, ತಕ್ಕಡಿಗಿಂತ ಹೆಚ್ಚು ಹೊತ್ತು ಮೂಲೆಯ ಹಳೇ ಚೀಲಗಳನ್ನು ತಿರುವಿ ನೋಡಿದರು.

"ಇದು ಹೆಂಗ್ರೀ? ಒಂದು ತೂತಿಲ್ಲ! ನಮ್ಮ ಗೋದಾಮಿನಾಗ ಇಲಿ ಕಾಳೂ ತಿಂತಾವ, ಚೀಲಾನೂ ತಿಂತಾವ, ಬಿಟ್ರ ಗುಮಾಸ್ತನ ಟೊಪ್ಪಿಗೀನೂ ತಿಂತಾವ."

ಧರ್ಮಪ್ಪ ಬೆಕ್ಕುಗಳ ಕಡೆ ಕೈ ತೋರಿಸಿದ.

"ಬೆಕ್ಕು ನಾನೂ ತಂದು ಬಿಟ್ಟೀನಿ. ಸಂಜಿಗೆ ಬಿಟ್ರ ಮುಂಜಾನಿಗೆ ಇಲ್ಲ. ಒಂದ್ ಕೆಲಸ ಮಾಡ್ರಿ, ನೀವೇ ಬರ್ರಿ, ಇವನ್ನೂ ಕರ್ಕೊಂಡು ಬರ್ರಿ. ಮಲಗಾಕ ಗೋದಾಮಿನ ಹಿಂದ ಕೋಣೆ ಐತಿ, ಊಟ ನಮ್ಮ ಮನ್ಯಾಗ. ಆದ್ರ ಬೆಕ್ಕು ನಿಲ್ಲಬೇಕು ನೋಡ್ರಿ. ಬೆಕ್ಕು ನಿಂತ್ರ ನೀವು ನಿಂತಂಗ."

ಬೆಕ್ಕು ನಿಲ್ಲದಿದ್ದರೆ ತಾನು ಎಲ್ಲಿ ನಿಲ್ಲುವುದು ಎಂದು ಧರ್ಮಪ್ಪ ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯುವಷ್ಟರಲ್ಲಿ ಸದಾಶಿವಪ್ಪನವರು ಬಸ್ಸು ಹತ್ತಿಯಾಗಿತ್ತು. ತಕ್ಕಡಿ ಒಯ್ಯಲು ಶನಿವಾರ ಅವರ ಗಾಡಿ ಬರುವುದು, ಅದರಲ್ಲೇ ಅವನೂ ಬರುವುದು ಎಂದು ಮಾತಾಗಿತ್ತು.

ಗಾಡಿಗಿಂತ ಬಸ್ಸು ವಾಸಿಯೇನೋ ಎಂದು ವಿಚಾರಿಸಲು ಹೋದರೆ ಕಂಡಕ್ಟರನು ಬೆಕ್ಕು ಎಂದೊಡನೆ ಮುಖ ಗಂಟಿಕ್ಕಿದ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನವರಿಗೆ ಜ್ವರ ಹತ್ತಿ ಎರಡು ಬೇಸಿಗೆ ಕಳೆದಿತ್ತು. ಸೊರಬದ ಕಡೆಯ ಯಾವ ಪ್ರಾಣಿಯ ಹೆಸರು ಹೇಳಿದರೂ ಪರವೂರಿನವರು ಹಿಂದೆ ಸರಿಯುತ್ತಿದ್ದರು.

"ಮಂಗ ಅಲ್ಲ ಸ್ವಾಮಿ, ಬೆಕ್ಕು," ಎಂದ ಧರ್ಮಪ್ಪ.

"ಇವತ್ತು ಮಂಗ, ನಾಳೆ ಬೆಕ್ಕು. ಯಾರು ಕಂಡೋರು? ನಡೀರಿ, ನಡೀರಿ."

ಹಾಗಾಗಿ ಗಾಡಿಯೇ ಗತಿಯಾಯಿತು. ಆಮೇಲೆ ಶುರುವಾಯಿತು ಬುದ್ಧಿವಾದ. ನಾಯಿ ನಂಬುವುದು ಮನುಷ್ಯರನ್ನು, ಬೆಕ್ಕು ನಂಬುವುದು ಮನೆಯನ್ನು. ಆದ್ದರಿಂದ ದಾರಿ ಕಾಣದ ಹಾಗೆ ಗೋಣಿಚೀಲದಲ್ಲಿ ಕಟ್ಟಿ ಒಯ್ಯಿ ಎಂದರು ಕೆಲವರು. ಕಟ್ಟಿದರೆ ಹೆದರಿ ಓಡಿಹೋಗುತ್ತದೆ, ಎಲ್ಲ ಕಾಣುವ ಹಾಗೆ ಬುಟ್ಟಿಯಲ್ಲಿ ಒಯ್ಯಿ ಎಂದರು ಇನ್ನು ಕೆಲವರು. ಹಳೇ ಒಲೆಯ ಬೂದಿಯನ್ನು ಒಂದು ಹಿಡಿ ಒಯ್ದು ಹೊಸ ಜಾಗದಲ್ಲಿ ಉದುರಿಸಿದರೆ ಬೆಕ್ಕಿಗೆ ಅದೇ ಮನೆ ಅನ್ನಿಸುತ್ತದೆ ಎಂದು ಒಬ್ಬರು ಹೇಳಿದ್ದಕ್ಕೆ ಧರ್ಮಪ್ಪ ಬೂದಿ ಕಟ್ಟಿಟ್ಟುಕೊಂಡ. ಹಳೇ ವಾಸನೆ ಮೂಗಿಗೆ ಬಿದ್ದರೆ ಹಳೇ ಮನೆಯನ್ನೇ ಹುಡುಕಿಕೊಂಡು ಹೊರಡುತ್ತದೆ ಎಂದು ಮತ್ತೊಬ್ಬರು ಹೇಳಿದ್ದಕ್ಕೆ ಚೆಲ್ಲಿದ. ಸಂಜೆ ಪುನಃ ಕಟ್ಟಿಟ್ಟ. ಎಲ್ಲರ ಮಾತೂ ಸರಿಯಾಗಿಯೇ ಕೇಳಿಸುತ್ತಿತ್ತು, ಅದೇ ಕಷ್ಟವಾಗಿತ್ತು.

ಪಕ್ಕದ ಮನೆಯ ವರದಮ್ಮ ಮಾತ್ರ ಒಲೆಯ ಬೂದಿಯ ವಿಷಯ ಎತ್ತಲಿಲ್ಲ. ಆಕೆ ಅವನಿಗಿಂತ ಹತ್ತು ವರ್ಷ ದೊಡ್ಡವಳು, ಬೀದಿಯವರೆಲ್ಲ ಒಳ್ಳೆಯ ದಿನ ಕೇಳಿಕೊಂಡು ಹೋಗುವುದು ಆಕೆಯ ಹತ್ತಿರ.

"ಶನಿವಾರ ಮೂಡಲಿಗೆ ಶೂಲ ಕಣೋ. ಶಿಕಾರಿಪುರ ಇರೋದು ಮೂಡಲಿಗೇ ಅಲ್ವಾ? ಹೋಗಬಾರದು."

"ಗಾಡಿ ಬರೋದೇ ಶನಿವಾರ ಅಕ್ಕಾ."

"ಅದಕ್ಕೇನು, ಪರಸ್ತಾನ ಇಡು. ಶುಕ್ರವಾರ ಸಂಜೆ ಇಟ್ಟುಬಿಡು, ಶನಿವಾರ ಎತ್ಕೊಂಡು ಹೋಗು."

ಪ್ರಸ್ಥಾನ ಇಡುವುದು ಧರ್ಮಪ್ಪನಿಗೂ ಗೊತ್ತಿದ್ದದ್ದೇ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ ಅದಕ್ಕೆ ಮೊದಲಿನ ಒಳ್ಳೆಯ ದಿನದಲ್ಲಿ, ಹೋಗುವ ದಿಕ್ಕಿನ ಒಂದು ಮನೆಯಲ್ಲಿ, ತನ್ನ ಒಂದು ಪ್ರೀತಿಯ ವಸ್ತುವನ್ನು ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಮಾರನೆಯ ದಿನ ಹೋಗುತ್ತ ಅದನ್ನು ಎತ್ತಿಕೊಂಡು ಹೋದರಾಯಿತು. ಇಟ್ಟದ್ದು ಮಾತ್ರ ಮನೆಗೆ ಹಿಂತಿರುಗಬಾರದು. ಜನ ತೆಂಗಿನಕಾಯಿ ಇಡುತ್ತಾರೆ, ಪಂಚೆ ಇಡುತ್ತಾರೆ.

ಧರ್ಮಪ್ಪನ ತಲೆಯಲ್ಲಿ ಬೇರೊಂದು ಸಂಶಯ ಎದ್ದಿತು. "ಪಂಚೆ ಇಟ್ರೆ ನಾನು ಹೊರಟಂಗಾಯ್ತು. ಬೆಕ್ಕು ಹೊರಟಂಗಾಗ್ತದಾ?"

ವರದಮ್ಮ ಯೋಚನೆಗೆ ಬಿದ್ದಳು. ಗಂಡಸು ಇಟ್ಟರೆ ಹೆಂಡತಿ ಮಕ್ಕಳಿಗೂ ಸಲ್ಲುತ್ತದೆ. ಆದರೆ ಬೆಕ್ಕು ಮನುಷ್ಯನ ಕಡೆಯದಲ್ಲ, ಮನೆಯ ಕಡೆಯದು. ಅದಕ್ಕೆ ಇವನ ಪಂಚೆ ಹೇಗೆ ಸಲ್ಲಬೇಕು? ಮೇಲಾಗಿ ಶನಿವಾರ ಬೆಳಿಗ್ಗೆ ಹೊರಡುವಾಗ ಬೆಕ್ಕು ಅಡ್ಡ ಬಂದರೆ ಕೆಟ್ಟಿತು. ಒಯ್ಯುವುದೇ ಬೆಕ್ಕಾದರೆ ಅಡ್ಡ ಬರದೆ ಇರುತ್ತದೆಯೇ? ಸ್ವಲ್ಪ ಹೊತ್ತಿನ ಮೇಲೆ ಆಕೆಯ ಮುಖ ಅರಳಿತು.

"ಬೆಕ್ಕನ್ನೇ ಪರಸ್ತಾನ ಇಡೋ! ನಿನಗೆ ಪ್ರೀತಿಯ ವಸ್ತು ಬೇರೆ ಏನದೆ? ಅವೂ ಹೊರಟಂಗಾಯ್ತು, ನೀನೂ ಹೊರಟಂಗಾಯ್ತು, ಬೆಳಿಗ್ಗೆ ಅಡ್ಡ ಬರೋ ಭಯಾನೂ ಇಲ್ಲ."

ಇಷ್ಟು ದಿನ ಕೇಳಿದ ಮಾತುಗಳಲ್ಲಿ ಒಂದೇ ಏಟಿಗೆ ಮೂರು ತೊಡಕು ಬಿಡಿಸಿದ್ದು ಇದೊಂದೇ. ಧರ್ಮಪ್ಪ ಒಪ್ಪಿದ.

ಬೀದಿಯ ಮೂಡಲ ತುದಿಯಲ್ಲಿ ಇದ್ದದ್ದು ಜಯಪ್ಪನ ಹೋಟೆಲು. ಜಯಪ್ಪ ಧರ್ಮಪ್ಪನ ಓರಗೆಯವನು, ಬೆಳಗಿನ ಚಹಾಕ್ಕೆ ಎಷ್ಟೋ ವರ್ಷಗಳ ನಂಟು. ಸಣ್ಣಬೀರಪ್ಪನೆಂಬ ಕುರಿಯವನ ಮನೆಯಿಂದ ಕೋಳಿ ಮುಚ್ಚುವ ಬಿದಿರುಬುಟ್ಟಿ ಎರಡನ್ನು ಕೇಳಿ ತಂದದ್ದಾಯಿತು. ಕೋಳಿ ಬುಟ್ಟಿಯೆಂದು ವರದಮ್ಮ ಅದಕ್ಕೆ ಮೂರು ಕೊಡ ನೀರು ಸುರಿದು, ವಿಭೂತಿಯ ಮೂರು ಗೆರೆ ಎಳೆದಳು. ಶುಕ್ರವಾರ ಇಳಿಹೊತ್ತಿಗೆ ಕೆಂಚ ತಾನಾಗಿ ಬುಟ್ಟಿಯೊಳಗೆ ಹೋಗಿ ಕೂತ. ಬೂದಿಯನ್ನು ಹಾಕುವಷ್ಟರಲ್ಲಿ ಧರ್ಮಪ್ಪನ ಎರಡು ಮುಂಗೈಗಳ ಮೇಲೂ ಗೀರು ಬಿದ್ದವು. ಅವಳು ಈಚೆಗೆ ಮೈ ತುಂಬಿಕೊಂಡು ಭಾರವಾಗಿದ್ದಳು. ಕಡೆಯ ಚೀಲಗಳನ್ನು ಖಾಲಿ ಮಾಡುವಾಗ ಇಲಿ ಬಹಳ ಸಿಕ್ಕಿರಬೇಕು ಎಂದುಕೊಂಡ. ಇನ್ನೊಂದು ಬುಟ್ಟಿಯನ್ನು ಬಾಯಿಗೆ ಬಾಯಿ ಕವುಚಿ, ಸುತಲಿಯಿಂದ ಹೊಲಿದು, ಹೋಟೆಲಿನ ಹಿತ್ತಿಲ ಬಾಗಿಲ ಬಳಿ ಇಟ್ಟ.

"ಇದುವರೆಗೆ ಬೆಕ್ಕು ತಾವಾಗಿ ಬಂದು ಹಾಲು ಕದೀತಿದ್ದವು," ಎಂದ ಜಯಪ್ಪ. "ಈಗ ಹೊತ್ಕೊಂಡು ಬಂದು ಕೂರಿಸೋರೂ ಆದ್ರು. ಅಲ್ಲಾ ಮಾರಾಯ, ಲಿಂಗ ಕಟ್ಟಿಕೊಂಡೋರಿಗೆ ಯಾವ ಶೂಲನೋ? ದಿಕ್ಕೆಲ್ಲ ಶಿವಂದೇ ಅಲ್ವಾ?"

"ನಂಗೊತ್ತಿಲ್ಲಪ್ಪ. ಇಟ್ರೆ ನಷ್ಟ ಏನು?"

ನಷ್ಟ ಏನೆಂದು ದೀಪ ಹಚ್ಚುವ ಹೊತ್ತಿಗೆ ತಿಳಿಯಿತು. ಧರ್ಮಪ್ಪ ಒಲೆಯ ಮುಂದೆ ಕೂತು ಉಣ್ಣುತ್ತಿದ್ದ. ಮಾಡಿನಲ್ಲಿ ಹೆಂಚು ಸರಿದ ಸದ್ದಾಯಿತು. ತೊಲೆಯ ಮೇಲಿಂದ ಚೀಲದ ರಾಶಿಗೆ, ಚೀಲದ ರಾಶಿಯಿಂದ ನೆಲಕ್ಕೆ ಬೂದಿ ಇಳಿದು ಬಂದಳು. ಅವನ ಕಡೆ ನೋಡಲೂ ಇಲ್ಲ. ಮೂಲೆಯ ಹಳೇ ಚೀಲಗಳ ಹಿಂದೆ ಹೋಗಿಬಿಟ್ಟಳು.

ಧರ್ಮಪ್ಪ ಕೈ ತೊಳೆಯದೆಯೇ ಹೋಟೆಲಿಗೆ ಓಡಿದ. ಹೊಲಿಗೆ ಒಂದು ಕಡೆ ಕಡಿದು ಹೋಗಿತ್ತು, ಬುಟ್ಟಿಗಳ ನಡುವೆ ಬಾಯಿ ಬಿಟ್ಟಿತ್ತು. ಒಳಗೆ ಕೆಂಚ ಸುರುಳಿ ಸುತ್ತಿ ಮಲಗಿದ್ದ. ಹೋಗಲು ದಾರಿ ಇತ್ತು, ಹೋಗಿರಲಿಲ್ಲ. ಅಲ್ಲಿಂದ ವರದಮ್ಮನ ಜಗಲಿಗೆ ಬಂದ. ಹಿಂದೆಯೇ ಜಯಪ್ಪನೂ ಬಂದ.

"ಇಟ್ಟ ಪರಸ್ತಾನ ತಾನಾಗೇ ಎದ್ದು ಬಂದದ್ದು ನಾ ಎಲ್ಲೂ ಕೇಳಿಲ್ಲಪ್ಪ," ಎಂದಳು ವರದಮ್ಮ. "ತೆಂಗಿನಕಾಯಿಗೆ ಕಾಲಿರಲ್ಲ."

"ಈಗ ನಾನು ಹೊರಟಂಗೋ, ಇಲ್ಲವೋ?"

"ಮುರೀತು ಅಂತಲೇ ಲೆಕ್ಕ. ಇನ್ನೊಂದು ಒಳ್ಳೇ ದಿನ ನೋಡಬೇಕು."

"ಎಲ್ಲಿ ಮುರೀತು? ಕೆಂಚ ಅಲ್ಲೇ ಅದಾನೆ," ಎಂದ ಜಯಪ್ಪ. "ಅರ್ಧ ಹೊರಟಿದಾನೆ ಅನ್ನು. ಒಂದು ಕಾಲು ಶಿಕಾರಿಪುರದಲ್ಲಿ, ಒಂದು ಕಾಲು ಸೊರಬದಲ್ಲಿ. ಮಾರಾಯ, ಜೋಪಾನ, ನಡುವೆ ಶಿರಾಳಕೊಪ್ಪ ಬರ್ತದೆ."

"ನಿನಗೆ ಎಲ್ಲಾ ತಮಾಷೆ," ಎಂದಳು ವರದಮ್ಮ.

ಧರ್ಮಪ್ಪನಿಗೆ ನಗು ಬರಲಿಲ್ಲ. ಅಮಾವಾಸ್ಯೆ ಹತ್ತಿರವಿತ್ತು, ಇನ್ನೊಂದು ಗಾಡಿ ಬರುವುದಿಲ್ಲ. ಹೋದರೆ ಕೆಂಚನೊಬ್ಬನನ್ನೇ ಕರೆದುಕೊಂಡು ಹೋಗಬೇಕು; ಅವಸರವಿಲ್ಲದ ಅವನೊಬ್ಬ ಇಲಿಗೆ ಸಾಲ. ಬೆಕ್ಕಿಲ್ಲದ ಧರ್ಮಪ್ಪ ಅಲ್ಲಿ ಯಾರಿಗೂ ಬೇಡ. ಉಳಿದರೆ ತಲೆಯ ಮೇಲಿನ ಮಾಡೇ ಇರುವುದಿಲ್ಲ. ಬೂದಿಯನ್ನು ಮತ್ತೆ ಹಿಡಿದು ಬುಟ್ಟಿಗೆ ಹಾಕಿದರೆ ಮುರಿದದ್ದು ಕೂಡುತ್ತದೋ, ಇನ್ನೂ ಮುರಿಯುತ್ತದೋ? ವರದಮ್ಮನಿಗೇ ಗೊತ್ತಿರಲಿಲ್ಲ. ಕೊನೆಗೆ ಅವನಿಗೆ ಆ ದಿನ ತಾನು ಎಲ್ಲಿ ಮಲಗಬೇಕು ಎಂಬುದೂ ತಿಳಿಯದಾಯಿತು. ಹೊರಟವನು ಗೋದಾಮಿನಲ್ಲಿ ಮಲಗಬಾರದು. ಹೊರಡದವನು ಹೋಟೆಲಿನಲ್ಲಿ ಮಲಗುವುದು ಯಾಕೆ? ವರದಮ್ಮನ ಜಗಲಿಯಲ್ಲೇ ಒಂದು ಚೀಲ ಹಾಸಿಕೊಂಡ.

ಬೆಳಕು ಹರಿಯುವಾಗ ಗಾಡಿ ಬಂತು. ಹೊಡೆಯುವವನು ಚೌಡಪ್ಪ, ಸದಾಶಿವಪ್ಪನವರ ಆಳು. ಇಬ್ಬರೂ ಸೇರಿ ತಕ್ಕಡಿಯ ದಂಡಿಗೆ, ಸರಪಳಿ, ಎರಡು ದೊಡ್ಡ ಮರದ ತಟ್ಟೆಗಳನ್ನು ಗಾಡಿಗೆ ಏರಿಸಿದರು. ಮೂಲೆಯ ಹಳೇ ಚೀಲಗಳನ್ನು ತಟ್ಟೆಯ ಕೆಳಗೆ ಹಾಸೋಣವೆಂದು ಚೌಡಪ್ಪ ಎತ್ತಲು ಹೋದವನು ಕೈ ಹಿಂದಕ್ಕೆ ಎಳೆದುಕೊಂಡ.

"ಬರ್ರಿಲ್ಲಿ ಒಂದೀಟು. ನಿಮ್ಮ ಬೆಕ್ಕು ಮರಿ ಹಾಕೈತಿ."

ಚೀಲದ ಮಡಿಕೆಯಲ್ಲಿ ಬೂದಿ ಒರಗಿದ್ದಳು. ಹೊಟ್ಟೆಗೆ ಅಂಟಿಕೊಂಡು ಮೂರು ಮರಿ, ಇನ್ನೂ ಕಣ್ಣು ಬಿಡದವು. ಎರಡು ಬೂದು, ಒಂದು ಕೆಂಚು. ಧರ್ಮಪ್ಪ ನೋಡುತ್ತ ನಿಂತ. ಆಕೆ ದಪ್ಪಗಾಗಿದ್ದು ಇಲಿಯಿಂದಲ್ಲ ಎಂಬುದು ಈಗ ತಿಳಿಯಿತು. ಬುಟ್ಟಿ ಕಡಿದು ಬಂದದ್ದು ಯಾಕೆ ಎಂಬುದೂ ತಿಳಿಯಿತು. ಮುಂದೇನು ಎಂಬುದೊಂದು ತಿಳಿಯಲಿಲ್ಲ.

"ಇನ್ನೆಲ್ಲಿ ಬರ್ತೈತ್ರಿ ಇದು? ಬಿಡ್ರಿ," ಎಂದ ಚೌಡಪ್ಪ.

ಸುದ್ದಿ ಕೇಳಿ ವರದಮ್ಮ ಬಾಗಿಲಲ್ಲೇ ನಿಂತಳು. "ಹೆರಿಗೆ ಆದ ಮನೆ. ಪುರುಡು ಇರೋವಾಗ ಪ್ರಯಾಣ ಹೊರಡ್ತಾರಾ?"

"ನಮಗೆಲ್ಲಿಯ ಸೂತಕ ವರದಕ್ಕಾ?" ಚಹಾದ ಲೋಟ ಹಿಡಿದು ಬಂದ ಜಯಪ್ಪ ಕೇಳಿದ. "ಲಿಂಗವಂತರಿಗೆ ಸೂತಕ ಇಲ್ಲ."

"ಬೆಕ್ಕಿಗೆ ಯಾರೋ ಲಿಂಗ ಕಟ್ಟಿದೋರು?"

ಜಯಪ್ಪ ಲೋಟವನ್ನು ಚೌಡಪ್ಪನ ಕೈಗೆ ಕೊಟ್ಟ. ವರದಮ್ಮ ಮುಂದುವರಿಸಿದಳು. "ನೋಡು ಧರ್ಮಪ್ಪ, ಇನ್ನು ಅದರ ಆಸೆ ಬಿಡು. ಮರಿ ಹಾಕಿದ ಬೆಕ್ಕು ಏಳು ಮನೆ ತಿರುಗ್ತದೆ. ನೀನಿಲ್ಲಿ ಉಳಿದ್ರೂ ಅದು ಇಲ್ಲಿ ಉಳಿಯಲ್ಲ. ಇವತ್ತೋ ನಾಳೆಯೋ ಮರಿ ಕಚ್ಕೊಂಡು ಹೊರಡ್ತದೆ."

ಧರ್ಮಪ್ಪ ಆಕೆಯ ಮುಖ ನೋಡಿದ, ಬೂದಿಯ ಮುಖ ನೋಡಿದ. "ಹಂಗಾದ್ರೆ ಈಗ ಅದಕ್ಕೆ ಈ ಮನೆ ಬೇಡ ಅಂತಾಯ್ತಲ್ಲ ಅಕ್ಕಾ?"

"ಅಂದ್ರೆ?"

"ಮನೆ ನಂಬೋ ಬೆಕ್ಕು ಅಂದ್ರಲ್ಲ ಎಲ್ಲರೂ. ಈಗ ಅದು ನಂಬಿರೋದು ಮರೀನ."

ಇಷ್ಟು ಹೇಳಿದವನಿಗೆ ತಾನು ಹೇಳಿದ್ದು ಸರಿಯೋ ತಪ್ಪೋ ಗೊತ್ತಿರಲಿಲ್ಲ. ಆದರೆ ವರದಮ್ಮ, ಜಯಪ್ಪ, ಚೌಡಪ್ಪ ಮೂವರೂ ಅವನನ್ನೇ ನೋಡುತ್ತಿದ್ದರು. ಬುಟ್ಟಿಗಳು ಹೋಟೆಲಿನಲ್ಲಿದ್ದವು. ಧರ್ಮಪ್ಪ ಮರಿಗಳನ್ನು ಚೀಲದ ಸಮೇತ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಿ ಗಾಡಿಯ ಮೇಲಿನ ತಕ್ಕಡಿ ತಟ್ಟೆಯಲ್ಲಿಟ್ಟ. ಬೂದಿ ಅವನ ಕಾಲ ಸುತ್ತ ಕೂಗುತ್ತ ಬಂದಳು. ಗಾಡಿಯ ಚಕ್ರ ಮೂಸಿದಳು, ಎತ್ತಿನ ಕಾಲು ತಪ್ಪಿಸಿಕೊಂಡಳು, ಒಂದೇ ನೆಗೆತಕ್ಕೆ ಮೇಲೇರಿ ತಟ್ಟೆಯೊಳಗೆ ಇಳಿದಳು. ಮರಿಗಳನ್ನು ಒಂದೊಂದಾಗಿ ನೆಕ್ಕಿ ಮಲಗಿದಳು.

"ಎರಡನೇ ಮನೆ," ಎಂದ ಜಯಪ್ಪ.

ಧರ್ಮಪ್ಪ ಬಟ್ಟೆಗಂಟನ್ನೂ ದಬ್ಬಣವನ್ನೂ ತೆಗೆದುಕೊಂಡು ಹತ್ತಿದ. ಒಲೆಯ ಬೂದಿ ಕಟ್ಟಿಟ್ಟ ಪೊಟ್ಟಣ ಅಲ್ಲಿಯೇ ಉಳಿಯಿತು.

ಹೋಟೆಲಿನ ಮುಂದೆ ಗಾಡಿ ನಿಂತಿತು. ಪ್ರಸ್ಥಾನ ಎತ್ತಿಕೊಳ್ಳಬೇಕಿತ್ತು. ಮುಂದಾಗಿ ಹೋಗಿ ನೋಡಿದ ಜಯಪ್ಪ ಬುಟ್ಟಿ ಖಾಲಿ ಎಂದ. ಒಳಗೆ ಹುಡುಕಿ, ಬಾಗಿಲಿನಿಂದಲೇ ಕೂಗಿ ತೋರಿಸಿದ: ಹಾಲಿನ ಒಲೆಯ ಮೇಲಿನ ಗೂಡಿನಲ್ಲಿ ಕೆಂಚ ಕೂತಿದ್ದ. ಕೈಗೆ ಎಟುಕದ ಎತ್ತರ. ಧರ್ಮಪ್ಪ ಗಾಡಿಯಿಂದ ಒಂದು ಕಾಲು ಕೆಳಗಿಟ್ಟ. ಅಷ್ಟಕ್ಕೇ ಬೂದಿ ತಲೆ ಎತ್ತಿ, ಒಂದು ಮರಿಯ ಕುತ್ತಿಗೆಗೆ ಬಾಯಿ ಹಾಕಿದಳು. ಅವನು ಕಾಲನ್ನು ಮೇಲಕ್ಕೆ ತೆಗೆದುಕೊಂಡ. ಅವಳು ಮರಿಯನ್ನು ಬಿಟ್ಟಳು.

"ಕೆಂಚಾ," ಎಂದು ಕೂತಲ್ಲಿಂದಲೇ ಕರೆದ. "ಬಾರೋ ಕೆಂಚಾ."

ಕೆಂಚ ಕಿವಿ ಅಲುಗಿಸಿದ, ಇಳಿಯಲಿಲ್ಲ.

"ಬಿಸಿಲು ಏರೋದ್ರಾಗ ಶಿರಾಳಕೊಪ್ಪ ಮುಟ್ಟಬೇಕ್ರೀ," ಎಂದ ಚೌಡಪ್ಪ.

"ಹೋಗು ಮಾರಾಯ. ನಿನ್ನ ಪರಸ್ತಾನ ಎಲ್ಲೂ ಹೋಗಲ್ಲ," ಎಂದ ಜಯಪ್ಪ. ಆಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಗಾಡಿ ಹೊರಟಿತು. ಇಟ್ಟ ಪ್ರಸ್ಥಾನವನ್ನು ಎತ್ತದೆ ಹೋದರೆ ಏನಾಗುತ್ತದೆ ಎಂದು ಧರ್ಮಪ್ಪ ವರದಮ್ಮನನ್ನು ಕೇಳಿರಲಿಲ್ಲ. ಊರಿನ ಕೊನೆಯ ಮನೆ ದಾಟುವವರೆಗೂ ಹಿಂದೆ ತಿರುಗಿ ನೋಡುತ್ತಿದ್ದ. ಆಮೇಲೆ ತಟ್ಟೆಯನ್ನು ನೋಡುತ್ತ ಕೂತ.

ಶಿಕಾರಿಪುರದಲ್ಲಿ ಬೂದಿ ವರದಮ್ಮನ ಮಾತು ಉಳಿಸಿದಳು. ಕೋಣೆಯಲ್ಲಿ ಇಳಿಸಿದ ಮರಿಗಳನ್ನು ಮಾರನೆಯ ದಿನವೇ ಸದಾಶಿವಪ್ಪನವರ ಸೌದೆಮನೆಗೆ ಒಯ್ದಳು. ಅಲ್ಲಿಂದ ದನದ ಕೊಟ್ಟಿಗೆಯ ಅಟ್ಟಕ್ಕೆ. ಅಲ್ಲಿಂದ ಪಕ್ಕದ ಅಂಗಡಿಯವರ ಹಳೇ ಪೆಟ್ಟಿಗೆಗೆ. ಧರ್ಮಪ್ಪ ಹಿಂದೆ ಹಿಂದೆಯೇ ತಿರುಗಿದ. ಯಾರ ಹಿತ್ತಿಲಿಗೆ ಕಾಲಿಟ್ಟರೂ 'ನಾನು ಸದಾಶಿವಪ್ಪನೋರ ಗೋದಾಮಿನೋನು' ಎನ್ನಬೇಕಾಗುತ್ತಿತ್ತು. ಹೌದೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲವಾದ್ದರಿಂದ ಅದನ್ನು ಮೆಲ್ಲಗೆ ಹೇಳುತ್ತಿದ್ದ. ಬಟ್ಟೆಗಂಟನ್ನು ಬಿಚ್ಚಿರಲಿಲ್ಲ.

"ನಿಲ್ಲಬೇಕು ಅಂದಿದ್ದೆ," ಎಂದರು ಸದಾಶಿವಪ್ಪನವರು. "ಇದು ಪ್ಯಾಟಿ ತಿರುಗಾಕ ಬಂದಂಗ ಕಾಣ್ತೈತಿ."

"ಏಳು ಮನೆ ಆಗ್ಲಿ ಸಾವ್ಕಾರ್ರೇ."

"ಏಳನೇದು ಯಾರ ಮನಿ ಅಂತ ಕೇಳೀರೇನು ಅದನ್ನ?"

ಧರ್ಮಪ್ಪ ಕೇಳಿರಲಿಲ್ಲ. ಎಣಿಕೆಯೂ ತಪ್ಪಿಹೋಗಿತ್ತು. ಗೋದಾಮು ಮೊದಲನೆಯದೋ, ತಕ್ಕಡಿ ತಟ್ಟೆ ಮನೆಯ ಲೆಕ್ಕಕ್ಕೆ ಬರುತ್ತದೋ ಎಂಬಲ್ಲೇ ಅದು ಗೋಜಲಾಗುತ್ತಿತ್ತು.

ಸುಗ್ಗಿ ಮುಗಿದು ಈಸೂರಿನ ಕಡೆಯಿಂದ ಮೊದಲ ಭತ್ತದ ಗಾಡಿಗಳು ಬಂದವು. ಧರ್ಮಪ್ಪ ಇಡೀ ದಿನ ತೂಗಿ, ಹೊಲಿದು, ಚೀಲಗಳನ್ನು ಒಂದರ ಮೇಲೊಂದು ಅಟ್ಟಿ ಹಾಕಿಸಿದ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಅಟ್ಟಿಯ ಮೇಲೆ, ಮಾಡಿನ ಹತ್ತಿರ, ಬೂದಿ ಕೂತಿದ್ದಳು. ಮರಿಗಳು ಈಗ ಕಣ್ಣು ಬಿಟ್ಟು ಓಡಾಡುವಷ್ಟಾಗಿದ್ದವು. ಒಂದನ್ನೊಂದು ಕೆಡವುತ್ತ ಚೀಲದಿಂದ ಚೀಲಕ್ಕೆ ಹಾರುತ್ತಿದ್ದವು. ಕೆಳಗೆ ಒಂದು ಇಲಿ ಸತ್ತು ಬಿದ್ದಿತ್ತು. ಸದಾಶಿವಪ್ಪನವರು ಬಂದು ಇಲಿಯನ್ನು ನೋಡಿದರು, ಮೇಲೆ ನೋಡಿದರು. ಮನೆಯ ಕಡೆ ತಿರುಗಿ ಕೂಗಿ ಹೇಳಿದರು: "ಧರ್ಮಪ್ಪಗ ಕೋಣೆ ಬಾಗಿಲಿಗೆ ಒಂದು ಚಿಲಕ ಹಾಕಿಸ್ರಿ."

ಅವತ್ತು ಅವನು ಗಂಟು ಬಿಚ್ಚಿದ.

ವೈಶಾಖದಲ್ಲಿ ಒಂದು ಹೊಸ ಬುಟ್ಟಿ ಕೊಂಡು ಕೆಂಚನನ್ನು ಕರೆತರಲು ಸೊರಬಕ್ಕೆ ಹೋದ. ಗೋದಾಮು ಇದ್ದ ಜಾಗದಲ್ಲಿ ಹೊಸ ಗೋಡೆ ಎದೆಯೆತ್ತರಕ್ಕೆ ಬಂದಿತ್ತು. ವರದಮ್ಮ ಜಗಲಿಯಿಂದಲೇ ಕಂಡು ಕೂಗಿದಳು. "ಪರಸ್ತಾನ ಎತ್ತದೆ ಹೋದೋನು ನೀನೊಬ್ಬನೇ ಕಣೋ! ಯಾರಾದ್ರೂ ಕೇಳಿದ್ರೆ ನೀನು ಹೋಗಿದೀಯ ಅನ್ನಲೋ, ಇದೀಯ ಅನ್ನಲೋ?"

"ನಂಗೂ ಗೊತ್ತಾಗ್ತಿಲ್ಲ ಅಕ್ಕಾ."

ಹೋಟೆಲಿನಲ್ಲಿ ಕೆಂಚ ಹಾಲಿನ ಕೆನೆ ತಿಂದು ಮೊದಲಿನ ಒಂದೂವರೆಯಷ್ಟಾಗಿದ್ದ. ಅದೇ ಹಿತ್ತಿಲ ಬಾಗಿಲ ಬಳಿ, ವಿಭೂತಿಯ ಗೆರೆ ಮಾಸಿದ ಅದೇ ಕೋಳಿಬುಟ್ಟಿಯಲ್ಲಿ ಮಲಗಿದ್ದ. ಧರ್ಮಪ್ಪನ ಕೈ ಮೂಸಿದ, ಮೈ ಉಜ್ಜಿದ, ಗುರುಗುಟ್ಟಿದ. ಹೊಸ ಬುಟ್ಟಿಯನ್ನು ಒಮ್ಮೆ ಸುತ್ತಿ ನೋಡಿ, ಹೋಗಿ ಹಳೆಯದರಲ್ಲೇ ಮಲಗಿದ.

"ಎತ್ಕೊಂಡು ಹೋಗ್ತೀಯೇನು?" ಜಯಪ್ಪ ಚಹಾ ಇಡುತ್ತ ಕೇಳಿದ. ಕೇಳಿದ ರೀತಿಯಲ್ಲೇ ಬೇಡ ಎಂಬುದಿತ್ತು. "ಸಣ್ಣಬೀರಪ್ಪ ದಿನಾ ಬಂದು ಉಳಿದ ಬುಟ್ಟೀನೂ ಕೊಡು ಅಂತಾನೆ. ಇವನು ಏಳಲ್ಲ, ನಾ ಕೊಡಲ್ಲ."

ಧರ್ಮಪ್ಪ ಚಹಾ ಕುಡಿದು ಮುಗಿಸಿದ. ಆಮೇಲೆ ಎದ್ದು, ಹೊಸ ಬುಟ್ಟಿಯನ್ನು ಸಣ್ಣಬೀರಪ್ಪನ ಮನೆಗೆ ಒಯ್ದು ಕೊಟ್ಟು, ಬರಿಗೈಯಲ್ಲಿ ಬಸ್ಸು ಹತ್ತಿದ.

ಕಂಡಕ್ಟರು ಬಂದು ಎಲ್ಲಿಗೆ ಎಂದು ಕೇಳಿದ.

"ಊರಿಗೆ," ಎಂದ ಧರ್ಮಪ್ಪ.

"ಯಾವ ಊರಿಗೆ ಸ್ವಾಮಿ?"

ಧರ್ಮಪ್ಪ ಕಿಟಕಿಯಿಂದ ಹೊರಗೆ, ಹೋಟೆಲಿನ ಕಡೆಗೆ ಒಂದು ಸಲ ನೋಡಿದ. ಕಂಡಕ್ಟರು ಮುಂದಿನ ಸೀಟಿನವರಿಗೆ ಟಿಕೇಟು ಹರಿದು ಕೊಟ್ಟು ತಿರುಗಿದ ಮೇಲೆ ಶಿಕಾರಿಪುರ ಎಂದ.